ಹೃದಯದ ಕಡಿವಾಣ: ನಾಡಿಬಡಿತವನ್ನೂ ರಕ್ತದೊತ್ತಡವನ್ನೂ ನರಮಂಡಲವು ಕಾಯುವ ಬಗೆ

ಮಾರ್ಚ್ ತಿಂಗಳ ಬಿಸಿಲೇರಿದ ಬೆಳಗು. ಶಾಲೆಯ ಅಂಗಳದಲ್ಲಿ ವಿದ್ಯಾರ್ಥಿಗಳು ಸಾಲುಸಾಲಾಗಿ ನಿಂತಿದ್ದಾರೆ. ಪ್ರಾರ್ಥನೆ ಮುಗಿದು ಭಾಷಣ ಆರಂಭವಾಗಿ ಕಾಲು ಗಂಟೆ ಕಳೆಯುವಷ್ಟರಲ್ಲಿ ಎಂಟನೆಯ ತರಗತಿಯ ಸಾಲಿನ ಬಾಲಕನೊಬ್ಬನ ಮುಖ ಬಿಳಿಚಿಕೊಳ್ಳುತ್ತದೆ. ಹಣೆಯ ಮೇಲೆ ತಣ್ಣನೆಯ ಬೆವರು ಮೂಡುತ್ತದೆ. ಕಣ್ಣು ಕತ್ತಲೆಗಟ್ಟಿ ಅವನು ನೆಲಕ್ಕೆ ಕುಸಿಯುತ್ತಾನೆ. ಸುತ್ತಲಿನವರು ಓಡಿಬಂದು, ಎರಡೂ ತೋಳುಗಳನ್ನು ಹಿಡಿದು ಅವನನ್ನು ಎತ್ತಿ ಕುಳ್ಳಿರಿಸಲು ಯತ್ನಿಸುತ್ತಾರೆ. ಕುಳ್ಳಿರಿಸಿದೊಡನೆ ಅವನು ಮತ್ತೆ ವಾಲುತ್ತಾನೆ. ಇಂತಹ ದೃಶ್ಯವನ್ನು ಕಾಣದ ಶಿಕ್ಷಕರು ವಿರಳ.

ಅದೇ ಸಭೆಯ ವೇದಿಕೆಯಲ್ಲಿ ಐವತ್ತೈದರ ಹಿರಿಯರೊಬ್ಬರು ಕುಳಿತಿದ್ದಾರೆಂದು ಭಾವಿಸೋಣ. ಅವರಿಗೆ ತಲೆನೋವಿಲ್ಲ, ಆಯಾಸವಿಲ್ಲ, ಒಂದು ದಿನವೂ ಮಾತ್ರೆ ನುಂಗಿದವರಲ್ಲ. ಆದರೆ ಯಾರಾದರೂ ಅವರ ತೋಳಿಗೆ ಪಟ್ಟಿಯನ್ನು ಸುತ್ತಿ ಅಳೆದರೆ ರಕ್ತದೊತ್ತಡ 170/100 ಇರುವುದು ಗೊತ್ತಾಗುತ್ತದೆ. ಬಾಲಕನು ಎಲ್ಲರ ಕಣ್ಣಿಗೂ ಬಿದ್ದನು. ಹಿರಿಯರ ತೊಂದರೆ ಯಾರ ಕಣ್ಣಿಗೂ ಬೀಳಲಿಲ್ಲ, ಅವರಿಗೂ ತಿಳಿಯಲಿಲ್ಲ. ಈ ಎರಡು ಸಂಗತಿಗಳ ಹಿಂದೆ ಇರುವುದು ಒಂದೇ ವ್ಯವಸ್ಥೆ. ಅದು ಕ್ಷಣಕ್ಷಣವೂ ಹೃದಯವನ್ನೂ ರಕ್ತನಾಳಗಳನ್ನೂ ಹತೋಟಿಯಲ್ಲಿಡುವ ನರಗಳ ವ್ಯವಸ್ಥೆ. ಅದರ ಶಕ್ತಿ ಎಷ್ಟು, ಅದರ ಮಿತಿ ಎಲ್ಲಿ ಎಂಬುದನ್ನು ಅರಿತರೆ ಬಾಲಕನಿಗೆ ಮಾಡಬೇಕಾದ ಉಪಚಾರವೂ ಹಿರಿಯರಿಗೆ ಹೇಳಬೇಕಾದ ಮಾತೂ ತಾವಾಗಿಯೇ ಸ್ಪಷ್ಟವಾಗುತ್ತವೆ.

ಒತ್ತಡವೆಂದರೇನು?

ರಕ್ತಕ್ಕೆ ಒತ್ತಡವಿದೆಯೆಂಬುದನ್ನು ಮೊದಲು ಅಳೆದು ತೋರಿಸಿದವರು ಇಂಗ್ಲೆಂಡಿನ ಸ್ಟೀಫನ್ ಹೇಲ್ಸ್. ಅವರು ವೃತ್ತಿಯಿಂದ ವೈದ್ಯರಲ್ಲ, ಒಂದು ಚರ್ಚಿನ ಪಾದ್ರಿಗಳು. ಹೆಣ್ಣು ಕುದುರೆಯೊಂದರ ತೊಡೆಯ ಅಪಧಮನಿಗೆ ಹಿತ್ತಾಳೆಯ ಕೊಳವೆಯನ್ನು ಸೇರಿಸಿ, ಅದಕ್ಕೆ ಉದ್ದವಾದ ಗಾಜಿನ ನಾಳವನ್ನು ಜೋಡಿಸಿದಾಗ ರಕ್ತವು ಹೃದಯದ ಮಟ್ಟದಿಂದ 8 ಅಡಿ 3 ಅಂಗುಲ ಎತ್ತರಕ್ಕೆ ಏರಿ ನಿಂತಿತು. ಪ್ರತಿಯೊಂದು ಬಡಿತಕ್ಕೂ ಆ ಕಂಬ ಏರಿ ಇಳಿಯಿತು. 1733ರಲ್ಲಿ ಪ್ರಕಟವಾದ ಅವರ ಗ್ರಂಥದಲ್ಲಿ ಈ ವಿವರಗಳಿವೆ. ಮನುಷ್ಯನ ತೋಳಿಗೆ ಗಾಳಿ ತುಂಬುವ ಪಟ್ಟಿಯನ್ನು ಸುತ್ತಿ, ಯಾವ ನಾಳವನ್ನೂ ಕೊಯ್ಯದೆ ಒತ್ತಡವನ್ನಳೆಯುವ ಸರಳ ಸಾಧನವನ್ನು ಇಟಲಿಯ ರೀವಾ ರೋಚಿಯವರು 1896ರಲ್ಲಿ ರೂಪಿಸಿದರು. ಪಟ್ಟಿಯ ಕೆಳಗೆ ಸ್ಟೆತಾಸ್ಕೋಪನ್ನಿಟ್ಟು ಶಬ್ದವನ್ನು ಆಲಿಸುವ ಕ್ರಮವನ್ನು ರಷ್ಯದ ಕೊರೊಟ್ಕಾಫ್ 1905ರಲ್ಲಿ ತಿಳಿಸಿದರು.

ಮೇಲಿನ ಅಂಕೆಯು ಹೃದಯವು ಸಂಕುಚಿಸಿದಾಗಿನ ಒತ್ತಡ. ಕೆಳಗಿನದು ಅದು ಸಡಿಲಗೊಂಡಾಗಿನದು. ಆರೋಗ್ಯವಂತ ವಯಸ್ಕನಲ್ಲಿ ಅದು ಸುಮಾರು 120/80 ಮಿಲಿಮೀಟರ್ ಪಾದರಸದಷ್ಟಿರುತ್ತದೆ. ಈ ಒತ್ತಡವು ಎರಡು ಸಂಗತಿಗಳ ಗುಣಲಬ್ಧ. ಮೊದಲನೆಯದು, ಹೃದಯವು ನಿಮಿಷಕ್ಕೆ ಎಷ್ಟು ರಕ್ತವನ್ನು ಹೊರದೂಡುತ್ತದೆ ಎಂಬುದು. ಒಂದು ಬಡಿತಕ್ಕೆ ಸುಮಾರು 70 ಮಿಲಿಲೀಟರಿನಂತೆ ನಿಮಿಷಕ್ಕೆ 70 ಬಡಿತಗಳಾದರೆ ಹೆಚ್ಚು ಕಡಿಮೆ 5 ಲೀಟರ್. ಎರಡನೆಯದು, ಆ ರಕ್ತದ ಹರಿವಿಗೆ ಸಣ್ಣ ಅಪಧಮನಿಗಳು ಒಡ್ಡುವ ತಡೆ. ಆದಕಾರಣ ಒತ್ತಡವನ್ನು ಏರಿಸಲು ಅಥವಾ ಇಳಿಸಲು ದೇಹಕ್ಕೆ ಎರಡು ಮಾರ್ಗಗಳುಂಟು: ಹೃದಯದ ದುಡಿಮೆಯನ್ನು ಹೆಚ್ಚುಕಡಿಮೆ ಮಾಡುವುದು, ನಾಳಗಳನ್ನು ಬಿಗಿಗೊಳಿಸುವುದು ಅಥವಾ ಸಡಿಲಿಸುವುದು. ನರಮಂಡಲವು ಈ ಎರಡನ್ನೂ ಏಕಕಾಲದಲ್ಲಿ ಬಳಸಿಕೊಳ್ಳುತ್ತದೆ.

ಹೃದಯದ ಸ್ವಂತ ತಾಳ

ಹೃದಯವು ಮಿದುಳಿನ ಅಪ್ಪಣೆಯಿಂದ ಬಡಿಯುತ್ತದೆ ಎಂಬುದು ಸಾಮಾನ್ಯ ತಿಳಿವಳಿಕೆ. ಅದು ಸರಿಯಲ್ಲ. ಬಲ ಹೃತ್ಕರ್ಣದ ಗೋಡೆಯಲ್ಲಿ, ಮೇಲಿನ ಮಹಾಭಿಧಮನಿಯು ಬಂದು ಸೇರುವ ಸ್ಥಳದಲ್ಲಿ, ವಿಶೇಷ ಜೀವಕೋಶಗಳ ಒಂದು ಚಿಕ್ಕ ಗಂಟು ಇದೆ. ಇದನ್ನು 1907ರಲ್ಲಿ ಆರ್ಥರ್ ಕೀತ್ ಮತ್ತು ಮಾರ್ಟಿನ್ ಫ್ಲ್ಯಾಕ್ ಗುರುತಿಸಿದರು. ಈ ಗಂಟಿನಲ್ಲಿ ವಿದ್ಯುತ್ ಪ್ರಚೋದನೆಯು ತಾನಾಗಿಯೇ ಹುಟ್ಟಿ ಹೃದಯದುದ್ದಕ್ಕೂ ಹಬ್ಬುತ್ತದೆ. ಆದ್ದರಿಂದಲೇ ಎಲ್ಲ ನರಗಳನ್ನು ಕತ್ತರಿಸಿ ಹೊರತೆಗೆದ ಕಪ್ಪೆಯ ಹೃದಯವೂ ತಕ್ಕ ಲವಣದ್ರಾವಣದಲ್ಲಿ ಬಹಳ ಹೊತ್ತು ಬಡಿಯುತ್ತಿರುತ್ತದೆ.

ಹಾಗಾದರೆ ನರಗಳ ಕೆಲಸವೇನು? ಇದಕ್ಕೆ ಹೃದಯ ಕಸಿಯ ಶಸ್ತ್ರಚಿಕಿತ್ಸೆಯು ಸ್ಪಷ್ಟವಾದ ಉತ್ತರವನ್ನು ಕೊಟ್ಟಿದೆ. 1967ರ ಡಿಸೆಂಬರ್ 3ರಂದು ಕೇಪ್‌ಟೌನಿನಲ್ಲಿ ಕ್ರಿಸ್ಟಿಯಾನ್ ಬರ್ನಾರ್ಡರು ಒಬ್ಬ ಮನುಷ್ಯನ ಹೃದಯವನ್ನು ಮತ್ತೊಬ್ಬ ಮನುಷ್ಯನಿಗೆ ಮೊದಲ ಬಾರಿ ಕಸಿ ಮಾಡಿದರು. ಹಾಗೆ ಕಸಿಯಾದ ಹೃದಯಕ್ಕೆ ರಕ್ತನಾಳಗಳನ್ನು ಹೊಲಿಯಬಹುದು, ನರಗಳನ್ನು ಹೊಲಿಯಲಾಗುವುದಿಲ್ಲ. ಅಂತಹ ಹೃದಯವು ವಿಶ್ರಾಂತಿಯಲ್ಲಿಯೂ ನಿಮಿಷಕ್ಕೆ ಸುಮಾರು 90ರಿಂದ 110 ಬಾರಿ ಬಡಿಯುತ್ತದೆ. ಆದರೆ ಸಾಮಾನ್ಯ ಮನುಷ್ಯನ ನಾಡಿ ವಿಶ್ರಾಂತಿಯಲ್ಲಿ 70ರ ಆಸುಪಾಸಿನಲ್ಲಿರುತ್ತದೆ. ಅಂದರೆ ಹೃದಯದ ಸ್ವಂತ ತಾಳವು ವೇಗದ್ದು. ಎಚ್ಚರದಲ್ಲಿಯೂ ನಿದ್ರೆಯಲ್ಲಿಯೂ ಯಾವುದೋ ಒಂದು ನರವು ಅದನ್ನು ಎಡೆಬಿಡದೆ ಹಿಂದಕ್ಕೆ ಜಗ್ಗಿ ಹಿಡಿದಿರುತ್ತದೆ.

ಕಡಿವಾಣ ಮತ್ತು ಚಬುಕು

ಹಾಗೆ ಜಗ್ಗಿ ಹಿಡಿಯುವ ನರವೇ ವೇಗಸ್. ಮಿದುಳಿನಿಂದ ನೇರವಾಗಿ ಹೊರಡುವ ಹನ್ನೆರಡು ಜೊತೆ ನರಗಳಲ್ಲಿ ಇದು ಹತ್ತನೆಯದು. ಲ್ಯಾಟಿನ್ ಭಾಷೆಯಲ್ಲಿ ಈ ಹೆಸರಿಗೆ ಅಲೆಮಾರಿ ಎಂಬ ಅರ್ಥವಿದೆ. ಅದಕ್ಕೂ ಕನ್ನಡಿಗರು ಬಳಸುವ ವೇಗವೆಂಬ ಮಾತಿಗೂ ಸಂಬಂಧವಿಲ್ಲ. ವಾಸ್ತವವಾಗಿ ಅದರ ಕೆಲಸ ವೇಗವನ್ನು ತಗ್ಗಿಸುವುದು. 1845ರಲ್ಲಿ ಜರ್ಮನಿಯ ವೇಬರ್ ಸಹೋದರರು ಈ ನರವನ್ನು ವಿದ್ಯುತ್ತಿನಿಂದ ಪ್ರಚೋದಿಸಿದಾಗ ಹೃದಯವು ನಿಧಾನವಾಗಿ, ಕಡೆಗೆ ನಿಂತೇಹೋಯಿತು. ನರವೆಂದರೆ ಕೆಲಸ ಮಾಡಿಸುವುದೇ ಹೊರತು ನಿಲ್ಲಿಸುವುದಲ್ಲ ಎಂದು ನಂಬಿದ್ದ ಆ ಕಾಲದಲ್ಲಿ ಇದು ವಿಸ್ಮಯಕರವಾದ ಶೋಧನೆಯಾಗಿತ್ತು. ತಡೆಯುವುದೂ ಒಂದು ಕಾರ್ಯವೇ ಎಂಬುದು ಅಂದು ಸಿದ್ಧವಾಯಿತು.

ಇದಕ್ಕೆ ಎದುರಾಗಿ ಕೆಲಸ ಮಾಡುವುದು ಅನುವೇದನಾ ನರವ್ಯೂಹ. ವೈದ್ಯರು ಸಿಂಪಥೆಟಿಕ್ ಎಂದು ಕರೆಯುವುದು ಇದನ್ನೇ. ಇದರ ತಂತುಗಳು ಎದೆಯ ಭಾಗದ ಮಿದುಳುಬಳ್ಳಿಯಿಂದ ಹೊರಟು, ಬೆನ್ನೆಲುಬಿನ ಪಕ್ಕದ ನರಗಂಟುಗಳ ಸರಪಣಿಯ ಮೂಲಕ ಹೃದಯವನ್ನು ಸೇರುತ್ತವೆ. ಇವು ಬಡಿತದ ವೇಗವನ್ನು ಹೆಚ್ಚಿಸುವುದಲ್ಲದೆ ಪ್ರತಿಯೊಂದು ಬಡಿತದ ಬಲವನ್ನೂ ಹೆಚ್ಚಿಸುತ್ತವೆ. ವೇಗಸ್ ಕಡಿವಾಣವಾದರೆ ಇದು ಚಬುಕು. ಓಡುವವನ ಹೃದಯವು ಮೊದಲ ಹೆಜ್ಜೆಗಳಲ್ಲಿಯೇ ವೇಗ ಪಡೆಯುವುದು ಮುಖ್ಯವಾಗಿ ಕಡಿವಾಣವು ಸಡಿಲಗೊಳ್ಳುವುದರಿಂದ. ಓಟವು ಬಿರುಸಾದಂತೆ ಚಬುಕಿನ ಪಾತ್ರ ಹಿರಿದಾಗುತ್ತದೆ. ವೇಗಸಿನ ಆಜ್ಞೆಯು ಒಂದೆರಡು ಬಡಿತಗಳೊಳಗೆ ಜಾರಿಗೆ ಬರುತ್ತದೆ. ಅನುವೇದನಾ ನರಗಳ ಪರಿಣಾಮವು ಕಾಣಿಸಿಕೊಳ್ಳಲು ಕೆಲವು ಸೆಕೆಂಡುಗಳೇ ಬೇಕು.

ಒಂದು ಕನಸಿನ ಫಲ

ನರದ ಆಜ್ಞೆಯು ಹೃದಯದ ಸ್ನಾಯುವಿಗೆ ಮುಟ್ಟುವುದು ಹೇಗೆ? ವಿದ್ಯುತ್ತಿನಂತೆ ನೇರವಾಗಿ ಹರಿಯುತ್ತದೆಯೋ, ಇಲ್ಲವೆ ಯಾವುದಾದರೂ ರಾಸಾಯನಿಕವು ಸಂದೇಶವನ್ನು ಒಯ್ಯುತ್ತದೆಯೋ? ಆಸ್ಟ್ರಿಯದ ಗ್ರಾಟ್ಸ್ ನಗರದ ಪ್ರಾಧ್ಯಾಪಕ ಆಟೊ ಲೂವಿಯವರನ್ನು ಈ ಪ್ರಶ್ನೆ ಬಹುಕಾಲ ಕಾಡಿತ್ತು. ಅವರೇ ಹೇಳಿಕೊಂಡಂತೆ, ಒಂದು ರಾತ್ರಿ ಕನಸಿನಲ್ಲಿ ಒಂದು ಪ್ರಯೋಗದ ಕ್ರಮ ಹೊಳೆಯಿತು. ಎಚ್ಚರಗೊಂಡು ಚೂರು ಕಾಗದದ ಮೇಲೆ ಗೀಚಿಟ್ಟು ಮಲಗಿದರು. ಬೆಳಗ್ಗೆ ನೋಡಿದರೆ ತಮ್ಮ ಬರಹ ತಮಗೇ ಓದಲಾಗಲಿಲ್ಲ! ಮರುರಾತ್ರಿ ಅದೇ ಯೋಚನೆ ಮರಳಿ ಬಂದಾಗ ಅವರು ಕಾಗದವನ್ನು ನಂಬದೆ ಎದ್ದು ನೇರವಾಗಿ ಪ್ರಯೋಗಶಾಲೆಗೆ ನಡೆದರು.

ಪ್ರಯೋಗ ಸರಳವಾಗಿತ್ತು. ಎರಡು ಕಪ್ಪೆಗಳ ಹೃದಯಗಳನ್ನು ಲವಣದ್ರಾವಣದಲ್ಲಿ ಬಡಿಯುವಂತೆ ಇಟ್ಟು, ಮೊದಲನೆಯದರ ವೇಗಸ್ ನರವನ್ನು ಪ್ರಚೋದಿಸಿದರು, ಅದು ನಿಧಾನವಾಯಿತು. ಅದರೊಳಗಿದ್ದ ದ್ರಾವಣವನ್ನು ತೆಗೆದು ಎರಡನೆಯ ಹೃದಯಕ್ಕೆ ಹಾಕಿದೊಡನೆ, ಯಾವ ನರವನ್ನು ಮುಟ್ಟದಿದ್ದರೂ, ಅದೂ ನಿಧಾನವಾಯಿತು. ವೇಗಸ್ ನರದ ತುದಿಯಿಂದ ಯಾವುದೋ ಒಂದು ವಸ್ತುವು ಒಸರಿರಬೇಕೆಂಬುದು ಖಚಿತವಾಯಿತು. 1921ರಲ್ಲಿ ಪ್ರಕಟವಾದ ಈ ಪ್ರಯೋಗದ ವಸ್ತುವು ಅಸೆಟೈಲ್‌ಕೋಲೀನ್ ಎಂದು ಮುಂದೆ ತಿಳಿದುಬಂದಿತು. ಇದೇ ಕ್ಷೇತ್ರದಲ್ಲಿ ದುಡಿದ ಇಂಗ್ಲೆಂಡಿನ ಹೆನ್ರಿ ಡೇಲ್ ಅವರೊಡನೆ ಲೂವಿಯವರಿಗೆ 1936ರ ನೊಬೆಲ್ ಪಾರಿತೋಷಕ ದೊರೆಯಿತು. ಅನುವೇದನಾ ನರಗಳು ಸ್ರವಿಸುವ ನಾರ್‌ಅಡ್ರಿನಲೀನನ್ನು ಸ್ವೀಡನ್ನಿನ ಉಲ್ಫ್ ಫಾನ್ ಆಯ್ಲರ್ 1946ರಲ್ಲಿ ಗುರುತಿಸಿದರು.

ಈ ಅರಿವು ಕೇವಲ ಗ್ರಂಥಸ್ಥವಾಗಿ ಉಳಿಯಲಿಲ್ಲ. ಚಬುಕಿನ ಪೆಟ್ಟು ಹೃದಯಕ್ಕೆ ತಾಗದಂತೆ ತಡೆಯುವ ಪ್ರೊಪ್ರನೊಲಾಲ್ ಎಂಬ ಔಷಧವನ್ನು 1960ರ ದಶಕದಲ್ಲಿ ಜೇಮ್ಸ್ ಬ್ಲ್ಯಾಕ್ ರೂಪಿಸಿದರು. 1988ರಲ್ಲಿ ಅವರೂ ನೊಬೆಲ್ ಪಾರಿತೋಷಕವನ್ನು ಪಡೆದರು. ಬೀಟಾ ಬ್ಲಾಕರ್ ಎಂದು ಕರೆಯಲ್ಪಡುವ ಆ ಜಾತಿಯ ಮಾತ್ರೆಗಳನ್ನು ಸೇವಿಸುವವರು ವೈದ್ಯರನ್ನು ಕೇಳದೆ ಒಮ್ಮೆಗೇ ನಿಲ್ಲಿಸಬಾರದು ಎಂಬುದಕ್ಕೂ ಇಲ್ಲಿಯೇ ಕಾರಣವಿದೆ. ಬಹುದಿನ ತಡೆಹಿಡಿದ ಚಬುಕು ಹಠಾತ್ತನೆ ಬಿಡುಗಡೆಯಾದರೆ ಅದರ ಪೆಟ್ಟು ಮೊದಲಿಗಿಂತ ಜೋರಾಗಿರುತ್ತದೆ.

ನೀರುಗಂಟಿಯ ಕೆಲಸ

ಹೃದಯವೊಂದನ್ನೇ ಆಳಿದರೆ ಒತ್ತಡವನ್ನು ಆಳಿದಂತಾಗುವುದಿಲ್ಲ. 1850ರ ದಶಕದ ಆರಂಭದಲ್ಲಿ ಫ್ರಾನ್ಸಿನ ಕ್ಲಾಡ್ ಬರ್ನಾರ್ಡರು ಮೊಲದ ಕೊರಳಿನ ಒಂದು ಪಕ್ಕದ ಅನುವೇದನಾ ನರವನ್ನು ಕತ್ತರಿಸಿದಾಗ ಆ ಪಕ್ಕದ ಕಿವಿ ಕೆಂಪೇರಿ ಬೆಚ್ಚಗಾಯಿತು. ತುಂಡಾದ ನರದ ತುದಿಯನ್ನು ವಿದ್ಯುತ್ತಿನಿಂದ ಪ್ರಚೋದಿಸಿದರೆ ಕಿವಿ ಮತ್ತೆ ಬಿಳಿಚಿಕೊಂಡು ತಣ್ಣಗಾಗುತ್ತಿತ್ತು. ರಕ್ತನಾಳಗಳ ಗೋಡೆಯ ಸ್ನಾಯುಗಳನ್ನು ನರಗಳು ಸದಾ ಅಲ್ಪಸ್ವಲ್ಪ ಬಿಗಿಹಿಡಿದಿರುತ್ತವೆಂಬುದು ಇದರಿಂದ ಹೊರಪಟ್ಟಿತು.

ಕೆರೆಯ ನೀರಿನಿಂದ ಗದ್ದೆ ಬೆಳೆಯುವ ಊರುಗಳಲ್ಲಿ ನೀರುಗಂಟಿಯೆಂಬವನೊಬ್ಬನು ಇರುತ್ತಿದ್ದುದನ್ನು ಹಿರಿಯರು ಬಲ್ಲರು. ತೂಬನ್ನು ಎತ್ತುವುದು, ಯಾವ ಕಾಲುವೆಗೆ ಎಷ್ಟು ಹೊತ್ತು ನೀರು ಎಂಬುದನ್ನು ನಿರ್ಧರಿಸುವುದು ಅವನ ಕೆಲಸ. ಎಲ್ಲ ಗದ್ದೆಗಳ ಮಡೆಗಳನ್ನೂ ಒಮ್ಮೆಗೇ ತೆರೆದರೆ ಕೊನೆಯ ಗದ್ದೆಗೆ ಹನಿ ನೀರೂ ಮುಟ್ಟದು. ದೇಹದ ಸ್ಥಿತಿಯೂ ಹಾಗೆಯೇ. ದೇಹದಲ್ಲಿರುವ ರಕ್ತ ಸುಮಾರು 5 ಲೀಟರ್. ಎಲ್ಲ ನಾಳಗಳೂ ಪೂರ್ಣವಾಗಿ ಹಿಗ್ಗಿದರೆ ಅವುಗಳನ್ನು ತುಂಬಲು ಅದು ಸಾಲದು. ಆದ್ದರಿಂದ ಹಿಮ್ಮೆದುಳಿನ ಕೆಳತುದಿಯಲ್ಲಿರುವ ಮೆಡುಲ್ಲ ಎಂಬ ಭಾಗದ ನರಕೋಶಗಳು ನೀರುಗಂಟಿಯಂತೆ ವರ್ತಿಸುತ್ತವೆ. ಊಟವಾದಾಗ ಕರುಳಿನ ಕಡೆಗೆ, ಓಡುವಾಗ ಕಾಲಿನ ಸ್ನಾಯುಗಳ ಕಡೆಗೆ, ಸೆಕೆಯಲ್ಲಿ ಚರ್ಮದ ಕಡೆಗೆ ರಕ್ತ ಹೆಚ್ಚು ಹರಿಯುತ್ತದೆ. ಅದೇ ವೇಳೆಗೆ ಬೇರೆಡೆಗಳಲ್ಲಿ ಬಿಗಿ ಹೆಚ್ಚುತ್ತದೆ. ಎಷ್ಟೇ ಹಂಚಿಕೆಯಾದರೂ ಹೃದಯಕ್ಕಿಂತ ಎತ್ತರದಲ್ಲಿರುವ ಕೊನೆಯ ಗದ್ದೆಗೆ, ಅಂದರೆ ಮಿದುಳಿಗೆ, ಒತ್ತಡ ಸಾಲದೆ ಬರಕೂಡದು. ಇದೇ ಇಡೀ ವ್ಯವಸ್ಥೆಯ ಮೊದಲ ನಿಯಮ.

ಕೊರಳಿನ ಕಾವಲುಗಾರ

ನೀರುಗಂಟಿಗೆ ಕಾಲುವೆಯ ಮಟ್ಟ ತಿಳಿಯದಿದ್ದರೆ ಅವನು ತೂಬನ್ನು ತಿರುಗಿಸುವುದಾದರೂ ಹೇಗೆ? 1866ರಲ್ಲಿ ಜರ್ಮನಿಯ ಲೈಪ್ಜಿಗ್ ನಗರದಲ್ಲಿ ಕಾರ್ಲ್ ಲುಡ್ವಿಗ್ ಮತ್ತು ಅವರ ಸಹೋದ್ಯೋಗಿ ಸಿಯಾನ್ ಮೊಲದ ಕೊರಳಿನಲ್ಲಿ ಒಂದು ನವಿರಾದ ನರವನ್ನು ಪರೀಕ್ಷಿಸಿದರು. ಅದನ್ನು ಕತ್ತರಿಸಿ ಹೃದಯದ ಕಡೆಯ ತುಂಡನ್ನು ಪ್ರಚೋದಿಸಿದರೆ ಏನೂ ಆಗಲಿಲ್ಲ. ಮಿದುಳಿನ ಕಡೆಯ ತುಂಡನ್ನು ಪ್ರಚೋದಿಸಿದರೆ ರಕ್ತದೊತ್ತಡವೂ ನಾಡಿಯ ವೇಗವೂ ಇಳಿದವು. ಅಂದರೆ ಅದು ಆಜ್ಞೆಯನ್ನು ತರುವ ನರವಲ್ಲ, ವರದಿಯನ್ನು ಒಯ್ಯುವ ನರ. ಕೊರಳನ್ನು ಒತ್ತಿದರೆ ನಾಡಿ ನಿಧಾನವಾಗುವುದು ಕೂಡ ವೇಗಸ್ ನರ ಅದುಮಿದುದರಿಂದ ಅಲ್ಲ, ಅಲ್ಲಿನ ಅಪಧಮನಿಯ ಗೋಡೆ ಹಿಗ್ಗಿದುದರಿಂದ ಎಂಬುದನ್ನು 1920ರ ದಶಕದಲ್ಲಿ ಹೈನ್ರಿಕ್ ಹೇರಿಂಗ್ ತೋರಿಸಿದರು.

ಇಂದಿನ ತಿಳಿವಳಿಕೆಯಂತೆ ಈ ಕಾವಲು ನೆಲೆಗಳು ಮುಖ್ಯವಾಗಿ ಎರಡು. ಒಂದು, ದವಡೆಯ ಮೂಲೆಯ ಕೆಳಗೆ ಕೊರಳಿನ ಅಪಧಮನಿಯು ಇಬ್ಭಾಗವಾಗುವಲ್ಲಿರುವ ಉಬ್ಬು. ಇದಕ್ಕೆ ಕ್ಯಾರೋಟಿಡ್ ಸೈನಸ್ ಎಂದು ಹೆಸರು. ಇನ್ನೊಂದು, ಹೃದಯದಿಂದ ಹೊರಟ ಮಹಾಪಧಮನಿಯ ಕಮಾನು. ಮೊದಲನೆಯ ನೆಲೆಯ ವರದಿಯನ್ನು ಒಂಬತ್ತನೆಯ ಮಿದುಳುನರವೂ ಎರಡನೆಯದರ ವರದಿಯನ್ನು ವೇಗಸ್ ನರವೂ ಮೆಡುಲ್ಲಕ್ಕೆ ಒಯ್ಯುತ್ತವೆ. ಒತ್ತಡವೇರಿ ಗೋಡೆ ಹಿಗ್ಗಿದಷ್ಟೂ ವರದಿ ದಟ್ಟವಾಗುತ್ತದೆ; ಆಗ ಮೆಡುಲ್ಲವು ಕಡಿವಾಣವನ್ನು ಬಿಗಿದು ಚಬುಕನ್ನು ಇಳಿಸುತ್ತದೆ, ನಾಳಗಳು ಸಡಿಲಗೊಳ್ಳುತ್ತವೆ, ಒತ್ತಡ ಇಳಿಯುತ್ತದೆ. ಒತ್ತಡ ಕುಸಿದರೆ ವರದಿ ವಿರಳವಾಗಿ ಇದಕ್ಕೆ ತದ್ವಿರುದ್ಧವಾದ ಕ್ರಮಗಳು ಜರುಗುತ್ತವೆ.

ನರದ ತುದಿಯು ಹಿಗ್ಗನ್ನು ಹೇಗೆ ಗ್ರಹಿಸುತ್ತದೆಂಬುದು ಬಹುಕಾಲ ಒಗಟಾಗಿಯೇ ಇತ್ತು. ಎಳೆದಾಗ ತೆರೆದುಕೊಳ್ಳುವ ಪೀಜೋ ಎಂಬ ಎರಡು ಪ್ರೋಟೀನುಗಳು ಈ ಕೆಲಸದಲ್ಲಿ ಮುಖ್ಯವೆಂದು 2018ರಲ್ಲಿ ಇಲಿಗಳ ಮೇಲಿನ ಅಧ್ಯಯನವು ತೋರಿಸಿತು; ಎರಡನ್ನೂ ಕಳೆದುಕೊಂಡ ಇಲಿಗಳಲ್ಲಿ ಒತ್ತಡವನ್ನು ಸರಿದೂಗಿಸುವ ಈ ಪ್ರತಿಕ್ರಿಯೆ ಅಳಿದುಹೋಗಿತ್ತು. ಆ ಪ್ರೋಟೀನುಗಳನ್ನು ಕಂಡುಹಿಡಿದ ಆರ್ಡೆಮ್ ಪಟಪೂಟಿಯನ್ ಅವರಿಗೆ 2021ರ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು.

ಎದ್ದು ನಿಲ್ಲುವ ಕ್ಷಣ

ಈ ವ್ಯವಸ್ಥೆಯ ನಿತ್ಯದ ಪರೀಕ್ಷೆ ನಡೆಯುವುದು ಹಾಸಿಗೆಯಿಂದ ಏಳುವಾಗ. ನೆಟ್ಟಗೆ ನಿಂತೊಡನೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಕಾಲು ಮತ್ತು ಹೊಟ್ಟೆಯ ಅಭಿಧಮನಿಗಳಿಗೆ ಇಳಿಯುತ್ತದೆ. ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗಿ ಒತ್ತಡ ತಗ್ಗುತ್ತದೆ. ಕೊರಳಿನ ಕಾವಲುಗಾರನಿಗೆ ಇದು ಕೂಡಲೇ ತಿಳಿಯುತ್ತದೆ. ನಾಡಿ ಒಂದಿಷ್ಟು ವೇಗಗೊಳ್ಳುತ್ತದೆ, ನಾಳಗಳು ಬಿಗಿಯುತ್ತವೆ. ಎದ್ದವನಿಗೆ ಇದಾವುದರ ಅರಿವೂ ಇರುವುದಿಲ್ಲ.

ವೃದ್ಧಾಪ್ಯದಲ್ಲಿ, ದೀರ್ಘಕಾಲದ ಸಕ್ಕರೆ ಕಾಯಿಲೆಯಲ್ಲಿ, ವಾಂತಿಭೇದಿಯಿಂದ ನೀರಿನಂಶ ಕಳೆದಾಗ ಮತ್ತು ಕೆಲವು ಔಷಧಗಳ ಸೇವನೆಯಿಂದ ಈ ಪ್ರತಿಕ್ರಿಯೆ ಮಂದವಾಗುತ್ತದೆ. ನಿಂತ 3 ನಿಮಿಷಗಳೊಳಗೆ ಮೇಲಿನ ಅಂಕೆ 20 ಅಥವಾ ಕೆಳಗಿನದು 10ರಷ್ಟು ಇಳಿದರೆ ವೈದ್ಯರು ಅದನ್ನು ಗಣನೀಯವೆಂದು ಭಾವಿಸುತ್ತಾರೆ. ನಡುರಾತ್ರಿಯಲ್ಲಿ ಎದ್ದ ವೃದ್ಧರು ಬಿದ್ದು ತೊಡೆಮೂಳೆ ಮುರಿದುಕೊಳ್ಳುವುದಕ್ಕೆ ಇದೂ ಒಂದು ಕಾರಣ. ಹಾಸಿಗೆಯ ಅಂಚಿನಲ್ಲಿ ಒಂದೆರಡು ನಿಮಿಷ ಕುಳಿತು, ಪಾದಗಳನ್ನು ಆಡಿಸಿ, ಆಮೇಲೆ ಏಳುವುದು ಅಂತಹವರಿಗೆ ಕ್ಷೇಮಕರ.

ಕುಸಿದ ಬಾಲಕ

ಈಗ ಪ್ರಾರ್ಥನೆಯ ಸಾಲಿಗೆ ಮರಳಬಹುದು. ಬಿಸಿಲಿಗೆ ಬಾಲಕನ ಚರ್ಮದ ನಾಳಗಳು ಹಿಗ್ಗಿದ್ದವು. ಬೆಳಗ್ಗೆ ಅವನು ಸಾಕಷ್ಟು ನೀರು ಕುಡಿದಿರಲಿಲ್ಲ. ಮೇಲಾಗಿ ಅಲುಗಾಡದೆ ನಿಂತದ್ದರಿಂದ, ರಕ್ತವನ್ನು ಮೇಲಕ್ಕೆ ಹಿಂಡುವ ಮೀನಖಂಡದ ಸ್ನಾಯುಗಳು ಕೆಲಸ ಮಾಡಲಿಲ್ಲ. ಸ್ವಲ್ಪ ಹೊತ್ತು ಅವನ ನರಮಂಡಲವು ನಾಡಿಯನ್ನು ಏರಿಸಿ, ನಾಳಗಳನ್ನು ಬಿಗಿದು ಹೋರಾಡಿತು. ಆಮೇಲೆ ಒಮ್ಮೆಗೇ ಆಟ ತಿರುವುಮುರುವಾಯಿತು: ಕಡಿವಾಣ ಅತಿಯಾಗಿ ಬಿಗಿಯಿತು, ನಾಳಗಳ ಬಿಗಿ ಸಡಿಲಿತು, ಮಿದುಳಿಗೆ ರಕ್ತ ಸಾಲದಾಯಿತು. 1932ರಲ್ಲಿ ಇಂಗ್ಲೆಂಡಿನ ಹೃದ್ರೋಗತಜ್ಞ ಸರ್ ಥಾಮಸ್ ಲೂಯಿಸ್ ಇಂತಹ ಮೂರ್ಛೆಯನ್ನು ವಿವರಿಸುತ್ತ, ವೇಗಸಿನ ಪರಿಣಾಮವನ್ನು ಅಟ್ರೊಪೀನ್ ಎಂಬ ಔಷಧದಿಂದ ನಿವಾರಿಸಿದರೆ ನಾಡಿ ಏರಿದರೂ ಒತ್ತಡ ಏರಲಿಲ್ಲವೆಂದು ತಿಳಿಸಿದರು. ಹೃದಯದ ನಿಧಾನಗತಿಯಷ್ಟೇ ಅಲ್ಲ, ನಾಳಗಳ ಸಡಿಲಿಕೆಯೂ ಮೂರ್ಛೆಗೆ ಕಾರಣವೆಂದು ಇದರಿಂದ ತಿಳಿಯಿತು. ನೆತ್ತರನ್ನು ಕಂಡಾಗ, ಸೂಜಿ ಚುಚ್ಚಿಸಿಕೊಳ್ಳುವಾಗ ಕೆಲವರು ಬವಳಿ ಬಂದು ಬೀಳುವುದೂ ಇದೇ ಬಗೆಯದು. ಅದು ಹೇಡಿತನವಲ್ಲ, ನಟನೆಯೂ ಅಲ್ಲ.

ಬಿದ್ದದ್ದೇ ಬಾಲಕನಿಗೆ ಮೊದಲ ಚಿಕಿತ್ಸೆ. ಅಡ್ಡವಾದೊಡನೆ ತಲೆಯೂ ಹೃದಯವೂ ಒಂದೇ ಮಟ್ಟಕ್ಕೆ ಬಂದು ಮಿದುಳಿಗೆ ರಕ್ತ ಹರಿಯುತ್ತದೆ. ಎತ್ತಿ ಕುಳ್ಳಿರಿಸುವವರು ಆ ಚಿಕಿತ್ಸೆಯನ್ನು ತಮಗರಿವಿಲ್ಲದೆ ಕೆಡಿಸುತ್ತಾರೆ. ಅವನನ್ನು ನೆರಳಿನಲ್ಲಿ ಅಂಗಾತ ಮಲಗಿಸಿ, ಕಾಲುಗಳನ್ನು ಒಂದಡಿಯಷ್ಟು ಎತ್ತರಿಸಿ, ಕೊರಳಿನ ಗುಂಡಿಯನ್ನೂ ಸೊಂಟದ ಪಟ್ಟಿಯನ್ನೂ ಸಡಿಲಿಸಬೇಕು. ಪೂರ್ತಿ ಎಚ್ಚರವಾಗುವ ತನಕ ಬಾಯಿಗೆ ನೀರು ಹಾಕಬಾರದು. ಎಚ್ಚರವಾದ ಮೇಲೂ ಹತ್ತು ನಿಮಿಷ ಏಳಗೊಡಬಾರದು. ಒಂದೆರಡು ನಿಮಿಷಗಳಲ್ಲಿ ಎಚ್ಚರವಾಗದಿದ್ದರೆ, ಆಟವಾಡುತ್ತಿರುವಾಗಲೇ ಬಿದ್ದಿದ್ದರೆ, ಎದೆನೋವು ಇದ್ದರೆ, ಅಥವಾ ಮನೆತನದಲ್ಲಿ ಎಳೆಯ ವಯಸ್ಸಿನ ಹಠಾತ್ ಮರಣಗಳು ಸಂಭವಿಸಿದ್ದರೆ ತಡಮಾಡದೆ ವೈದ್ಯರಲ್ಲಿಗೆ ಒಯ್ಯಬೇಕು; ಆಗ ಅದನ್ನು ಸಾಮಾನ್ಯ ಬವಳಿಯೆಂದು ಬಗೆಯಲಾಗದು.

ಇಚ್ಛೆಗೆ ಎಷ್ಟು ಅಧಿಕಾರ?

ಹೃದಯವನ್ನು ಇಚ್ಛಾಮಾತ್ರದಿಂದ ನಿಲ್ಲಿಸಬಲ್ಲ ಯೋಗಿಗಳ ಮಾತು ಭಾರತದಲ್ಲಿ ಹಳೆಯದು. ವೆಂಗರ್, ಬಾಗ್ಚಿ ಮತ್ತು ದೆಹಲಿಯ ಬಿ. ಕೆ. ಆನಂದ್ ಈ ಮಾತನ್ನು ಗೌರವದಿಂದಲೇ ಪರೀಕ್ಷೆಗೊಳಪಡಿಸಿ 1961ರಲ್ಲಿ ವರದಿಯನ್ನು ಪ್ರಕಟಿಸಿದರು. ಹೃದಯವನ್ನು ನಿಲ್ಲಿಸುವೆವೆಂದವರು ಉಸಿರು ಬಿಗಿಹಿಡಿದು, ಎದೆ ಹೊಟ್ಟೆಗಳ ಸ್ನಾಯುಗಳನ್ನು ಬಲವಾಗಿ ಬಿಗಿದಾಗ ಮುಂಗೈಯ ನಾಡಿ ಕೈಗೆ ಸಿಗದಾಯಿತು. ಹೃದಯದ ಸದ್ದೂ ಕ್ಷೀಣಿಸಿತು. ಆದರೆ ವಿದ್ಯುತ್ ಲೇಖನದಲ್ಲಿ ಹೃದಯವು ಬಡಿಯುತ್ತಲೇ ಇತ್ತು. ಎದೆಯೊಳಗಿನ ಒತ್ತಡದಿಂದ ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗಿ ನಾಡಿ ಅಡಗಿತ್ತು, ಅಷ್ಟೆ.

ಹಾಗೆಂದು ಇಚ್ಛೆಗೆ ಇಲ್ಲಿ ಯಾವ ಪ್ರವೇಶವೂ ಇಲ್ಲವೆಂದಲ್ಲ. ಉಸಿರಾಟವು ತಾನಾಗಿಯೂ ನಡೆಯುತ್ತದೆ, ಇಚ್ಛೆಗೂ ಮಣಿಯುತ್ತದೆ. ಆ ಬಾಗಿಲಿನ ಮೂಲಕ ಹೃದಯದ ಬಳಿಗೆ ಹೋಗಬಹುದು. ಉಸಿರೆಳೆದಾಗ ವೇಗಸಿನ ಹಿಡಿತ ಸಡಿಲಿ ನಾಡಿ ತುಸು ವೇಗವಾಗುತ್ತದೆ, ಬಿಟ್ಟಾಗ ನಿಧಾನವಾಗುತ್ತದೆ. 2001ರಲ್ಲಿ ಇಟಲಿಯ ಲುಚಿಯಾನೊ ಬರ್ನಾರ್ಡಿ ಮತ್ತು ಸಂಗಡಿಗರು 23 ಆರೋಗ್ಯವಂತರಲ್ಲಿ ಲ್ಯಾಟಿನ್ ಜಪಮಾಲೆಯ ಪ್ರಾರ್ಥನೆಯನ್ನೂ ಬೌದ್ಧ ಮಂತ್ರವೊಂದನ್ನೂ ಹೇಳಿಸಿ ಪರೀಕ್ಷಿಸಿದರು. ಎರಡರಲ್ಲಿಯೂ ಉಸಿರಾಟವು ನಿಮಿಷಕ್ಕೆ ಸುಮಾರು 6ಕ್ಕೆ ಇಳಿದು, ಕೊರಳಿನ ಕಾವಲುಗಾರನ ಸೂಕ್ಷ್ಮತೆ ಹೆಚ್ಚಿತು. ಇಲ್ಲಿ ಫಲವಿತ್ತದ್ದು ಉಚ್ಚಾರಣೆಯ ನಿಧಾನವಾದ ಲಯ. ಇದು ಉತ್ತಮವಾದ ಅಭ್ಯಾಸ. ಆದರೆ ಔಷಧ ಬೇಕಾದವರಿಗೆ ಔಷಧದ ಬದಲಿಯಲ್ಲ.

ಒಗ್ಗಿಹೋದ ಕಾವಲು

ಇಷ್ಟು ಜಾಗರೂಕನಾದ ಕಾವಲುಗಾರನಿದ್ದರೂ ವೇದಿಕೆಯ ಹಿರಿಯರ ಒತ್ತಡ 170ಕ್ಕೆ ಏರಿದ್ದೇಕೆ? 1956ರಲ್ಲಿ ಮೆಕ್‌ಕಬಿನ್, ಗ್ರೀನ್ ಮತ್ತು ಪೇಜ್ ಎಂಬ ವಿಜ್ಞಾನಿಗಳು ದೀರ್ಘಕಾಲ ಅಧಿಕ ಒತ್ತಡವಿದ್ದ ನಾಯಿಗಳಲ್ಲಿ ಕ್ಯಾರೋಟಿಡ್ ನರದ ಸಂದೇಶಗಳನ್ನು ದಾಖಲಿಸಿ ಇದಕ್ಕೆ ಉತ್ತರ ಕಂಡರು. ಅಷ್ಟು ಒತ್ತಡಕ್ಕೆ ಆ ನರವು ಕೂಗಿ ಹೇಳಬೇಕಾಗಿತ್ತು. ಅದರ ಬದಲು ಎಲ್ಲವೂ ಸರಿಯಾಗಿದೆಯೆಂಬಂತೆ ವರದಿ ಮಾಡುತ್ತಿತ್ತು. ಒತ್ತಡವು ಮೇಲುಮಟ್ಟದಲ್ಲಿಯೇ ನೆಲೆನಿಂತರೆ ಕಾವಲುಗಾರನು ಅದಕ್ಕೆ ಒಗ್ಗಿಹೋಗಿ, ಆ ಹೊಸ ಮಟ್ಟವನ್ನೇ ಸಹಜವೆಂದು ಕಾಯತೊಡಗುತ್ತಾನೆ. 1973ರಲ್ಲಿ ಕೌಲಿ, ಲಿಯಾರ್ ಮತ್ತು ಗೈಟನ್ ನಾಯಿಗಳಲ್ಲಿ ಈ ಕಾವಲು ನರಗಳನ್ನು ತೆಗೆದುಹಾಕಿ ಹಗಲಿರುಳೂ ಒತ್ತಡವನ್ನು ದಾಖಲಿಸಿದರು. ಏರಿಳಿತಗಳು ವಿಪರೀತವಾದವು, ಆದರೆ ದಿನದ ಸರಾಸರಿ ಒತ್ತಡದಲ್ಲಿ ಅಂತಹ ದೊಡ್ಡ ಬದಲಾವಣೆಯಾಗಲಿಲ್ಲ. ಕ್ಷಣದ ಅಲೆಗಳನ್ನು ತಗ್ಗಿಸುವುದು ಈ ನರಗಳ ಕೆಲಸ. ವರ್ಷಗಳ ಮಟ್ಟವನ್ನು ನಿರ್ಧರಿಸುವುದರಲ್ಲಿ ಉಪ್ಪು ನೀರುಗಳ ಲೆಕ್ಕವಿಡುವ ಮೂತ್ರಪಿಂಡಗಳ ಪಾತ್ರ ದೊಡ್ಡದು.

ಆದ್ದರಿಂದಲೇ ಅಧಿಕ ರಕ್ತದೊತ್ತಡಕ್ಕೆ ನಂಬಬಹುದಾದ ಯಾವ ಮುನ್ಸೂಚನೆಯೂ ಇಲ್ಲ. 30ರಿಂದ 79 ವಯಸ್ಸಿನ ನಡುವಿನ ಸುಮಾರು 128 ಕೋಟಿ ಜನರಿಗೆ ಈ ತೊಂದರೆಯಿದೆಯೆಂದೂ ಅವರಲ್ಲಿ ನೂರಕ್ಕೆ ಸುಮಾರು 46 ಮಂದಿಗೆ ಅದು ತಿಳಿದೇ ಇಲ್ಲವೆಂದೂ ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಅಂದಾಜು ಮಾಡಿತು. ಮಿದುಳಿನ ಆಘಾತ, ಹೃದಯಾಘಾತ, ಮೂತ್ರಪಿಂಡಗಳ ವೈಫಲ್ಯ ಇವುಗಳ ರೂಪದಲ್ಲಿ ಅದು ಮೊದಲ ಬಾರಿಗೆ ಬಾಯಿ ತೆರೆಯುವುದುಂಟು. ನರಗಳು ಮೌನವಾದ ಮೇಲೆ ತಿಳಿಸಬಲ್ಲುದು ಅಳತೆಯ ಪಟ್ಟಿಯೊಂದೇ. 5 ನಿಮಿಷ ಸುಮ್ಮನೆ ಕುಳಿತು, ಬೆನ್ನಿಗೆ ಆನಿಕೆ ಕೊಟ್ಟು, ತೋಳನ್ನು ಹೃದಯದ ಮಟ್ಟದಲ್ಲಿರಿಸಿ ಅಳೆಸಬೇಕು. ಹಿಂದಿನ ಅರ್ಧ ಗಂಟೆಯಲ್ಲಿ ಕಾಫಿ, ಹೊಗೆಸೊಪ್ಪು ಸೇವಿಸಿರಬಾರದು. ಬೇರೆ ಬೇರೆ ದಿನಗಳ ಅಳತೆಯಲ್ಲಿ 140/90 ಅಥವಾ ಅದಕ್ಕಿಂತ ಹೆಚ್ಚು ಬಂದರೆ ವೈದ್ಯರನ್ನು ಕಾಣಬೇಕು. ದಿನಕ್ಕೆ ಉಪ್ಪು 5 ಗ್ರಾಮಿಗಿಂತ ಕಡಿಮೆಯಿರಲೆಂಬುದು ಆ ಸಂಸ್ಥೆಯ ಸಲಹೆ. ಉಪ್ಪಿನಕಾಯಿ, ಹಪ್ಪಳಗಳ ಉಪ್ಪೂ ಈ ಲೆಕ್ಕದಲ್ಲಿ ಸೇರುತ್ತದೆ.

ತರಗತಿಯಲ್ಲಿ ಒಂದು ಪಾಠ

ಈ ವಿಷಯವನ್ನು ಕಲಿಸಲು ಗಡಿಯಾರವೊಂದಿದ್ದರೆ ಸಾಕು. ವಿದ್ಯಾರ್ಥಿಗಳು ಇಬ್ಬಿಬ್ಬರಾಗಿ, ಹೆಬ್ಬೆರಳಿನ ಬುಡದ ಕೆಳಗೆ ಮುಂಗೈಯ ಮೇಲೆ ಎರಡು ಬೆರಳಿಟ್ಟು ಒಬ್ಬರ ನಾಡಿಯನ್ನು ಮತ್ತೊಬ್ಬರು ಎಣಿಸಲಿ. ಮೊದಲು 5 ನಿಮಿಷ ಮಲಗಿದ್ದಾಗ, ಅನಂತರ ಎದ್ದು ನಿಂತೊಡನೆ, ಆಮೇಲೆ ಅಂಗಳವನ್ನು ಒಂದು ಸುತ್ತು ಓಡಿ ಬಂದಾಗ, ಕೊನೆಗೆ ಪ್ರತಿ ನಿಮಿಷಕ್ಕೊಮ್ಮೆ 5 ನಿಮಿಷಗಳವರೆಗೆ ಎಣಿಸಿ ನಕ್ಷೆ ಬರೆಯಲಿ. ನಿಂತಾಗಿನ ಏರಿಕೆಯಲ್ಲಿ ಕೊರಳಿನ ಕಾವಲುಗಾರನ ಕೆಲಸವನ್ನೂ, ಓಟ ನಿಂತ ಮೊದಲ ನಿಮಿಷದ ತೀವ್ರ ಇಳಿಕೆಯಲ್ಲಿ ಕಡಿವಾಣದ ಕೆಲಸವನ್ನೂ ಅವರೇ ಕಾಣುತ್ತಾರೆ. ನಿಧಾನವಾಗಿ ಉಸಿರೆಳೆದು ಬಿಡುವಾಗ ನಾಡಿಯ ಓಟದಲ್ಲಾಗುವ ವ್ಯತ್ಯಾಸವನ್ನೂ ಗಮನಿಸಲಿ. ಕೊರಳಿನ ನಾಡಿಯನ್ನು ಮಾತ್ರ ಯಾರೂ ಒತ್ತಿ ನೋಡದಂತೆ ಎಚ್ಚರಿಸುವುದು ಅವಶ್ಯ.

ಅಂದು ಮನೆಗೆ ಹೋದ ವಿದ್ಯಾರ್ಥಿಯು ತಂದೆತಾಯಿಯರನ್ನೂ ಅಜ್ಜ ಅಜ್ಜಿಯರನ್ನೂ ಒಂದು ಪ್ರಶ್ನೆ ಕೇಳಬೇಕು: ಕಡೆಯ ಬಾರಿ ರಕ್ತದೊತ್ತಡವನ್ನು ಅಳೆಸಿದ್ದು ಯಾವಾಗ? ಶಾಲೆಯ ವಾರ್ಷಿಕೋತ್ಸವದಂದು, ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ನೆರೆಯುವ ದಿನದಂದು, ಸಭಾಮಂಟಪದ ಒಂದು ಮೂಲೆಯಲ್ಲಿ ಒಂದು ಮೇಜು, ಎರಡು ಕುರ್ಚಿ, ಒಂದು ಅಳತೆಯ ಉಪಕರಣ ಮತ್ತು ಅದನ್ನು ಬಲ್ಲ ಒಬ್ಬ ದಾದಿ ಇದ್ದರೆ ಅದಕ್ಕಿಂತ ಅಗ್ಗವಾದ, ಅದಕ್ಕಿಂತ ಸಾರ್ಥಕವಾದ ಸೇವೆ ಮತ್ತೊಂದಿರಲಾರದು. ಎದ್ದು ನಿಂತ ಪ್ರತಿಯೊಂದು ಸಲವೂ ಮನುಷ್ಯನನ್ನು ಅವನ ನರಗಳು ಕೇಳದೆಯೇ ಕಾಯುತ್ತವೆ. ಅವು ಒಗ್ಗಿಹೋಗಿ ಮೌನ ತಾಳಿದಲ್ಲಿಂದ ಮುಂದಿನ ಕಾವಲನ್ನು ಅವನೇ ವಹಿಸಿಕೊಳ್ಳಬೇಕು.